ಕೈಗೆಟುಕುವಂತಿರಲಿ ಹಿತ್ತಲ ನುಗ್ಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಹತ್ತಿರವಿರುವುದರ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಊರುಗಳಲ್ಲಿ ಓಡಾಡುವಾಗ ಈ ಗಾದೆಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಎಷ್ಟೋ ಮನೆಗಳ ಹಿಂದೆ ಬಚ್ಚಲ ನೀರಿನ ತಂಪಿಗೆ ಬೆಳೆದ ಒಂದು ನುಗ್ಗೆಯ ಮರವಿದೆ. ಆದರೆ ಅದು ಮಾಡಿನ ಹೆಂಚನ್ನೂ ಮೀರಿ ಇಪ್ಪತ್ತೈದು, ಮೂವತ್ತು ಅಡಿ ಎತ್ತರಕ್ಕೆ ಹೋಗಿದೆ. ಸೊಪ್ಪು ಆಕಾಶದಲ್ಲಿ, ಕಾಯಿ ಅದಕ್ಕೂ ಮೇಲೆ. ಕೆಳಗೆ ಅದೇ ಮನೆಯ ಸೊಸೆ ರಕ್ತಹೀನತೆಯಿಂದ ಬಳಲಿ ಕಬ್ಬಿಣಾಂಶದ ಮಾತ್ರೆ ನುಂಗುತ್ತಿರುತ್ತಾಳೆ. ನುಗ್ಗೆಸೊಪ್ಪನ್ನು ಸಂತೆಯಿಂದ ಕೊಂಡು ತರಲಾಗುತ್ತದೆ. ಹಿತ್ತಲ ಗಿಡ ಮದ್ದಾಗದೆ ಉಳಿಯುವುದಕ್ಕೆ ನಮ್ಮ ಅನಾದರವೊಂದೇ ಕಾರಣವಲ್ಲ, ಅದು ನಮ್ಮ ಕೈಗೆ ಎಟುಕದಿರುವುದೂ ಕಾರಣ. ಅದನ್ನು ಕೈಗೆಟುಕಿಸುವ ಸರಳ ಉಪಾಯವೇ ಸವರುವಿಕೆ, ಅಂದರೆ ಕಾಲಕಾಲಕ್ಕೆ ಕೊಂಬೆ ಕತ್ತರಿಸಿ ಗಿಡವನ್ನು ಹದದಲ್ಲಿಡುವುದು.

ಕಡಿದ ಮರ ಕಲಿಸಿದ ಪಾಠ

ನ್ಯಾಮತಿಯ ಕಡೆಯ ನಮ್ಮ ಹಳೆಯ ಮನೆಯ ಹಿತ್ತಲಿನಲ್ಲಿಯೂ ಇಂಥದೊಂದು ಮರವಿತ್ತು. ಒಂದು ಮುಂಗಾರಿನಲ್ಲಿ ಅದರ ಬೊಡ್ಡೆಯ ತುಂಬ ಕಂಬಳಿಹುಳು ಮುತ್ತಿದವು. ಒಗೆದು ಹರವಿದ ಬಟ್ಟೆಗೆ ಹುಳುವಿನ ಕೂದಲು ಹತ್ತಿ ಮಕ್ಕಳ ಮೈಯೆಲ್ಲ ದದ್ದೆದ್ದಿತು. ಬೇಸತ್ತ ತಂದೆಯವರು ಕೊಡಲಿ ತೆಗೆದುಕೊಂಡು ಮರವನ್ನು ಕಡಿದೇಬಿಟ್ಟರು. ಬುಡದ ಹತ್ತಿರ ಕಲ್ಲಿನ ಕಟ್ಟೆಯಿದ್ದುದರಿಂದ ಕೊಡಲಿ ಬೀಸಲು ಅನುಕೂಲವಾಗದೆ, ಸೊಂಟದೆತ್ತರದ ಒಂದು ಮೋಟು ಉಳಿಯಿತು. “ಹೋಯಿತಲ್ಲಪ್ಪಾ, ಮನೆಯ ಸೊಪ್ಪು ಹೋಯಿತು” ಎಂದು ಅಜ್ಜಿ ನೊಂದುಕೊಂಡರು.

ಹದಿನೈದು ದಿನಗಳೊಳಗೆ ಆ ಮೋಟಿನ ಸುತ್ತ ಚಿಗುರು ಒಡೆಯಿತು. ಅಜ್ಜಿ ಅವುಗಳಲ್ಲಿ ಗಟ್ಟಿಯಾದ ನಾಲ್ಕೈದನ್ನು ಉಳಿಸಿ ಮಿಕ್ಕವನ್ನು ಮುರಿದು ಸಾರಿಗೆ ಹಾಕಿದರು. ಸಂಕ್ರಾಂತಿಯ ಹೊತ್ತಿಗೆ ಹೂವು, ಶಿವರಾತ್ರಿಯ ಹೊತ್ತಿಗೆ ಕಾಯಿ. ಅದೂ ಎಂಟು ವರ್ಷದ ಹುಡುಗಿ ಕೈಚಾಚಿ ಕೀಳುವಷ್ಟು ಕೆಳಗೆ! ಕೋಪದಲ್ಲಿ ಕಡಿದ ಮರವು ನಮಗೊಂದು ವಿದ್ಯೆಯನ್ನು ಕಲಿಸಿತು. ಅಂದಿನಿಂದ ಪ್ರತಿ ವರ್ಷವೂ ಅದನ್ನು ಕಡಿಯುವುದು ನಮ್ಮ ಮನೆಯ ಪದ್ಧತಿಯಾಯಿತು, ಕೋಪದಿಂದಲ್ಲ, ಪ್ರೀತಿಯಿಂದ.

ಕತ್ತರಿ ಹಿಡಿಯುವ ಮುನ್ನ ಒಂದು ಪ್ರಶ್ನೆ

ಯಾವ ಗಿಡವನ್ನೇ ಆಗಲಿ ಸವರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಹೊಸ ಚಿಗುರಿನಲ್ಲಿ ಹೂ ಬಿಡುವುದೋ, ಬಲಿತ ಕೊಂಬೆಯಲ್ಲಿ ಹೂ ಬಿಡುವುದೋ? ಶೀತದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು, ಮೊಮ್ಮಕ್ಕಳು ತಮ್ಮ ಮನೆಯಂಗಳದಲ್ಲಿ ರಾಸ್ಪ್‌ಬೆರಿ ಎಂಬ ಮುಳ್ಳುಹಣ್ಣಿನ ಗಿಡ ಬೆಳೆಸುವುದುಂಟು. ಅದರ ಬೇಸಿಗೆಯ ತಳಿಗಳಲ್ಲಿ ನೆಲದಿಂದೆದ್ದ ಕಡ್ಡಿಯು ಮೊದಲ ವರ್ಷ ಬರಿದೆ ಬೆಳೆದು, ಎರಡನೆಯ ವರ್ಷ ಹಣ್ಣು ಕೊಟ್ಟು, ಅನಂತರ ಒಣಗುತ್ತದೆ. ಆದ್ದರಿಂದ ಹಣ್ಣು ಕೊಟ್ಟ ಕಡ್ಡಿಯನ್ನು ಬುಡಕ್ಕೆ ಕತ್ತರಿಸಿ, ಹೊಸ ಕಡ್ಡಿಯನ್ನು ಮುಂದಿನ ವರ್ಷಕ್ಕೆ ಕಾಪಾಡುತ್ತಾರೆ. ಶರತ್ಕಾಲದ ತಳಿಗಳಾದರೋ ಅದೇ ವರ್ಷದ ಕಡ್ಡಿಯಲ್ಲಿಯೇ ಹಣ್ಣು ಬಿಡುತ್ತವೆ. ಅವುಗಳನ್ನು ಚಳಿಗಾಲದ ಕೊನೆಯಲ್ಲಿ ಪೂರ್ತಿ ನೆಲಸಮಕ್ಕೆ ಕತ್ತರಿಸಿದರೂ ನಷ್ಟವಿಲ್ಲ. ಈ ಭೇದವನ್ನರಿಯದೆ ಬೇಸಿಗೆಯ ತಳಿಯನ್ನು ನೆಲಸಮ ಮಾಡಿದವರಿಗೆ ಆ ವರ್ಷ ಹಣ್ಣೇ ಇಲ್ಲ.

ನಮ್ಮ ನುಗ್ಗೆ ಹೊಸ ಚಿಗುರಿನಲ್ಲಿ ಹೂ ಬಿಡುವ ಜಾತಿಯದು. ಆದ್ದರಿಂದ ಅದನ್ನು ಧೈರ್ಯವಾಗಿ ಕತ್ತರಿಸಬಹುದು. ಕತ್ತರಿಸಿದಷ್ಟೂ ಹೊಸ ರೆಂಬೆ, ಹೊಸ ರೆಂಬೆಯಿದ್ದಷ್ಟೂ ಸೊಪ್ಪು ಮತ್ತು ಹೂವು. ಕತ್ತರಿಸದೆ ಬಿಟ್ಟರೆ ಮರವು ಬೆಳಕನ್ನರಸಿ ಮೇಲಕ್ಕೇ ಓಡುತ್ತದೆ, ಕೆಳಗಿನ ಭಾಗ ಬೋಳಾಗುತ್ತದೆ, ಫಲವೆಲ್ಲ ತುದಿಗೆ ಸೇರುತ್ತದೆ.

ಎಳೆಯ ಗಿಡಕ್ಕೆ ಮೊದಲ ಸಂಸ್ಕಾರ

ಹೊಸದಾಗಿ ಗಿಡ ಹಾಕುವವರು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿನೊಡನೆ ಚೆನ್ನಾಗಿ ಕಳಿತ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಗೋಡೆಯಿಂದ ಎಂಟು ಅಡಿಯಾದರೂ ದೂರವಿರಲಿ. ಬೀಜದಿಂದ ಬೆಳೆಯುವ ತಳಿಗಳಲ್ಲಿ ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ಮತ್ತು ನಮ್ಮದೇ ರಾಜ್ಯದ ಅರಭಾವಿಯಲ್ಲಿ ರೂಪುಗೊಂಡ ಕೆಡಿಎಂ-1, ಅಂದರೆ ‘ಭಾಗ್ಯ’, ಹೆಸರಾದವು. ಇವು ಬಿತ್ತಿದ ವರ್ಷದೊಳಗೇ ಕಾಯಿ ಬಿಡುತ್ತವೆ. ಬೀಜ ಅಥವಾ ಸಸಿಗಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಇಲ್ಲವೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಗಿಡವು ಎರಡೂವರೆ ಅಡಿ, ಅಂದರೆ ಸುಮಾರು 75 ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ಅದರ ತುದಿಯನ್ನು ಬೆರಳಿನಿಂದಲೇ ಚಿವುಟಬೇಕು. ಸಾಮಾನ್ಯವಾಗಿ ಬಿತ್ತಿದ ಎರಡು ತಿಂಗಳಿಗೆ ಈ ಹದ ಬರುತ್ತದೆ. ನೆಟ್ಟಗೆ ಬೆಳೆಯುತ್ತಿರುವ ಗಿಡದ ತಲೆಯನ್ನು ಚಿವುಟಲು ಅನೇಕರಿಗೆ ಮನಸ್ಸು ಬಾರದು. ಆದರೆ ತುದಿ ಹೋದೊಡನೆಯೇ ಪಕ್ಕದ ಕಣ್ಣುಗಳು ಎಚ್ಚತ್ತು ಅಡ್ಡ ರೆಂಬೆಗಳು ಹೊರಡುತ್ತವೆ. ಅವು ಒಂದೂವರೆ, ಎರಡು ಅಡಿಯಾದಾಗ ಅವುಗಳ ತುದಿಯನ್ನೂ ಚಿವುಟಿದರೆ ಗಿಡವು ಕೊಡೆಯಂತೆ ಹರಡಿಕೊಳ್ಳುತ್ತದೆ. ಚಿವುಟಿದ ತುದಿಗಳು ಅಂದಿನ ಅಡುಗೆಗೆ ಸಲ್ಲುತ್ತವೆ.

ವರ್ಷಕ್ಕೊಮ್ಮೆ ಸವರುವ ಕ್ರಮ

ಕಾಲ: ಬೇಸಿಗೆಯ ಕಾಯಿ ಮುಗಿದ ಮೇಲೆ, ಮೇ ತಿಂಗಳ ಕೊನೆಯಿಂದ ಜೂನ್ ತಿಂಗಳೊಳಗೆ ಸವರುವುದು ಸೂಕ್ತ. ಆದರೆ ನಾಲ್ಕೂ ತಾಲ್ಲೂಕುಗಳಿಗೆ ಒಂದೇ ದಿನ ಹೇಳಲಾಗದು. ಬರದ ಬವಣೆಯನ್ನು ಮತ್ತೆ ಮತ್ತೆ ಕಂಡಿರುವ ಜಗಳೂರಿನ ಕಡೆ ಒಣಭೂಮಿಯಲ್ಲಿ ಒಂದು ಹದಮಳೆ ಬೀಳುವ ತನಕ ಕಾಯಬೇಕು; ಬಿರುಬಿಸಿಲಿನಲ್ಲಿ ಕತ್ತರಿಸಿದರೆ ಚಿಗುರಲು ಮರಕ್ಕೆ ಕಸುವಿರುವುದಿಲ್ಲ. ತುಂಗಭದ್ರೆಯ ದಂಡೆಯ ಹೊನ್ನಾಳಿ, ನ್ಯಾಮತಿಯ ಊರುಗಳಲ್ಲಿ ಮತ್ತು ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯ ಕಡೆ ನೆಲದಲ್ಲಿ ತೇವ ಇದ್ದೇ ಇರುವುದರಿಂದ ಜಡಿಮಳೆ ಹಿಡಿಯುವ ಮೊದಲೇ ಮುಗಿಸಬೇಕು. ಇಲ್ಲವಾದರೆ ಕತ್ತರಿಸಿದ ಗಾಯದೊಳಗೆ ನೀರಿಳಿದು ಮರ ಕೊಳೆಯುತ್ತದೆ.

ಎತ್ತರ: ಬೊಡ್ಡೆಯನ್ನು ನೆಲದಿಂದ ಮೂರು ಅಡಿ, ಅಂದರೆ ಸುಮಾರು 90 ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಬೀಜದಿಂದ ಬೆಳೆದ ತಳಿಗಳು ಹೀಗೆ ಕತ್ತರಿಸಿದ ನಾಲ್ಕೈದು ತಿಂಗಳಿಗೆ ಮತ್ತೆ ಕಾಯಿಗೆ ಬರುತ್ತವೆ; ಕೊಂಬೆ ನೆಟ್ಟು ಬೆಳೆಸಿದ ನಾಟಿ ಮರಗಳು ತುಸು ತಡಮಾಡಬಹುದು. ಬಹಳ ವರ್ಷದಿಂದ ಸವರದೆ ಬಿಟ್ಟ ಹಳೆಯ ಮರವನ್ನು ಒಮ್ಮೆಗೇ ಬೋಳಿಸುವುದು ಬೇಡ. ಈ ವರ್ಷ ಅರ್ಧ ಕೊಂಬೆಗಳನ್ನು ತೆಗೆದು, ಅವು ಚಿಗುರಿದ ಮೇಲೆ ಮುಂದಿನ ವರ್ಷ ಉಳಿದರ್ಧವನ್ನು ಇಳಿಸಿದರೆ ಮನೆಗೆ ಸೊಪ್ಪೂ ತಪ್ಪದು, ಮರಕ್ಕೆ ಆಯಾಸವೂ ಆಗದು.

ಕೈಚಳಕ: ನುಗ್ಗೆಯ ಮರ ಮೃದು. ಮಚ್ಚಿನಿಂದ ಬೀಸಿ ಹೊಡೆದರೆ ಕೊಂಬೆ ಸೀಳಿ ತೊಗಟೆ ಕೆಳಗಿನವರೆಗೂ ಸುಲಿದುಬರುತ್ತದೆ. ಹರಿತವಾದ ಗರಗಸ ಒಳ್ಳೆಯದು. ಮೊದಲು ಕೊಂಬೆಯ ಅಡಿಭಾಗದಲ್ಲಿ ಸ್ವಲ್ಪ ಕೊಯ್ದು, ಅನಂತರ ಮೇಲಿನಿಂದ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ಸೀಳುವುದಿಲ್ಲ. ಕೊಯ್ದ ಮುಖ ಓರೆಯಾಗಿರಲಿ, ಮಳೆನೀರು ನಿಲ್ಲದೆ ಜಾರಿಹೋಗಲಿ.

ಗಾಯಕ್ಕೆ ಮದ್ದು: ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣ ಪರಿಚಿತ. ಅದನ್ನೇ ಗಟ್ಟಿಯಾಗಿ ಮುಲಾಮಿನಂತೆ ಮಾಡಿಕೊಳ್ಳಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಆಮೇಲೆ ಕೂಡಿಸಿ, ಕೊಯ್ದ ಮುಖಕ್ಕೆ ಬಳಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಪ್ಲಾಸ್ಟಿಕ್ ಬಕೆಟ್ ಅಥವಾ ಮಣ್ಣಿನ ಪಾತ್ರೆ ಸಾಕು. ಮೈಲುತುತ್ತ ವಿಷವಾದುದರಿಂದ ಮಕ್ಕಳ ಕೈಗೆ ಸಿಗದಂತಿಡಿ. ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಚಿಗುರಿನ ಆಯ್ಕೆ: ಚಿಗುರು ಒಡೆದು ಒಂದಡಿಯಾದಾಗ ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ನಾಲ್ಕೈದು ಗಟ್ಟಿ ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಎಲ್ಲವನ್ನೂ ಬಿಟ್ಟರೆ ಯಾವುದೂ ಬಲಿಯುವುದಿಲ್ಲ. ಇದೇ ಸಮಯಕ್ಕೆ ಬುಡದಿಂದ ಎರಡಡಿ ದೂರದಲ್ಲಿ ಮಣ್ಣು ಸಡಿಲಿಸಿ ಎರಡು ಬುಟ್ಟಿ ಗೊಬ್ಬರ ಕೊಟ್ಟು, ಮೇಲೆ ಒಣ ಎಲೆಯ ಹೊದಿಕೆ ಹಾಸಬೇಕು.

ನೀರು ಹೆಚ್ಚಾದರೂ ಕೇಡು

ನುಗ್ಗೆ ಬರವನ್ನು ತಾಳುತ್ತದೆ, ಬುಡದಲ್ಲಿ ನಿಂತ ನೀರನ್ನು ತಾಳದು. ಗದ್ದೆಯ ಬದಿಯ ಮನೆಗಳಲ್ಲಿ, ಎರೆಮಣ್ಣಿನ ಹಿತ್ತಲುಗಳಲ್ಲಿ ಮರ ಇದ್ದಕ್ಕಿದ್ದಂತೆ ಹಳದಿಯಾಗಿ ಸಾಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅಂಥ ಕಡೆ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಬಚ್ಚಲ ನೀರನ್ನು ಬಿಡುವುದಾದರೆ ಬೊಡ್ಡೆಗೆ ತಾಗದಂತೆ ದೂರದ ಪಾತಿಗೆ ಬಿಡಬೇಕು. ಹೂ ಬಿಡುವ ದಿನಗಳಲ್ಲಿ ನೀರು ಅತಿಯಾದರೂ ಹೂ ಉದುರುತ್ತದೆ, ನೆಲ ಪೂರ್ತಿ ಒಣಗಿದರೂ ಉದುರುತ್ತದೆ. ಹಿತಮಿತವೆಂಬ ಮಾತು ಆಹಾರಕ್ಕಷ್ಟೇ ಅಲ್ಲ, ಗಿಡಕ್ಕೂ ಸಲ್ಲುತ್ತದೆ.

ಕಂಬಳಿಹುಳುವಿಗೆ ಅಂಜಿ ಮರ ಕಡಿಯಬೇಡಿ

ನಮ್ಮ ಮನೆಯಲ್ಲಿ ಆದಂತೆ, ಅನೇಕ ಮನೆಗಳಲ್ಲಿ ನುಗ್ಗೆ ನೆಲಕ್ಕುರುಳುವುದು ಈ ಹುಳುವಿನ ದೆಸೆಯಿಂದ. ಮಳೆ ಬಿದ್ದ ಮೇಲೆ ಪತಂಗಗಳು ಮೊಟ್ಟೆಯಿಡುತ್ತವೆ. ಮರಿಗಳು ರಾತ್ರಿ ಎಲೆ ತಿಂದು, ಹಗಲಿನಲ್ಲಿ ಬೊಡ್ಡೆಯ ಮೇಲೆ ಗುಂಪಾಗಿ ತಂಗುತ್ತವೆ. ಈ ಗುಂಪುಗೂಡುವ ಸ್ವಭಾವವೇ ನಮಗೆ ಅನುಕೂಲ. ಸವರಿದ ಗಿಡದಲ್ಲಿ ಮೊಟ್ಟೆ, ಮರಿಗಳು ಕಣ್ಣಿಗೆ ಬೇಗ ಬೀಳುತ್ತವೆ. ಮೊಟ್ಟೆಯಿರುವ ಎಲೆಯನ್ನು ಕಿತ್ತು ನಾಶಮಾಡಬೇಕು. ಗುಂಪಾಗಿ ಕುಳಿತ ಹುಳುಗಳನ್ನು ಉದ್ದ ಹಿಡಿಕೆಯ ಪೊರಕೆಯಿಂದ ಸಾಬೂನು ನೀರಿನ ಬಕೆಟ್ಟಿಗೆ ಗುಡಿಸಬೇಕು. ಎಳೆಯ ಮರಿಗಳಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ತುಸು ಸಾಬೂನಿನೊಡನೆ ಕಲಸಿ ಸಂಜೆಯ ವೇಳೆ ಸಿಂಪಡಿಸಬಹುದು. ಸೊಪ್ಪು ತಿನ್ನುವ ಗಿಡಕ್ಕೆ ಹೊಲದ ತೀಕ್ಷ್ಣ ಕೀಟನಾಶಕಗಳನ್ನು ಹೊಡೆಯುವುದು ಸರ್ವಥಾ ಸಲ್ಲದು.

ಈ ಕೆಲಸಕ್ಕೆ ತುಂಬುತೋಳಿನ ಅಂಗಿ, ಕೈಗವಸು ಬೇಕು. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕೂದಲು ಮೈಗೆ ತಾಗಿದರೆ ಉಜ್ಜಬಾರದು. ಉಜ್ಜಿದಷ್ಟೂ ಅದು ಚರ್ಮದೊಳಕ್ಕೆ ಇಳಿಯುತ್ತದೆ. ಅಂಟುಪಟ್ಟಿಯನ್ನು ಒತ್ತಿ ಎತ್ತಿದರೆ ಕೂದಲು ಅದಕ್ಕೆ ಹತ್ತಿ ಬರುತ್ತದೆ. ಬಳಿಕ ಸಾಬೂನಿನಿಂದ ತೊಳೆದು ತಣ್ಣೀರ ಬಟ್ಟೆ ಇಡಬೇಕು. ಕಣ್ಣಿಗೆ ಬಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನೊಂದು ಎಚ್ಚರಿಕೆ. ಹುಸಿ ಹೊಗಳಿಕೆಯಿಂದ ಉಬ್ಬಿಸುವುದಕ್ಕೆ ‘ನುಗ್ಗೆ ಮರ ಹತ್ತಿಸುವುದು’ ಎನ್ನುತ್ತೇವೆ. ಹತ್ತಿದವನು ಬೀಳುವುದು ಖಂಡಿತವೆಂಬ ಅನುಭವವೇ ಆ ನುಡಿಯನ್ನು ಹುಟ್ಟಿಸಿದೆ. ನುಗ್ಗೆಯ ಕೊಂಬೆ ಎಚ್ಚರಿಕೆ ಕೊಡದೆ ಮುರಿಯುತ್ತದೆ. ಕಾಯಿಗಾಗಿ ಮಕ್ಕಳನ್ನು ಮರ ಹತ್ತಿಸಬಾರದು. ಕೊಂಬೆಗಳು ವಿದ್ಯುತ್ ತಂತಿಗೆ ತಾಗುತ್ತಿದ್ದರೆ ತಾವೇ ಕತ್ತರಿಸಲು ಹೋಗದೆ ವಿದ್ಯುತ್ ಕಂಪನಿಯ ಸಿಬ್ಬಂದಿಗೆ ತಿಳಿಸಬೇಕು. ಕಾಯಿ ಕೈಗೆಟುಕುವ ಎತ್ತರದಲ್ಲಿದ್ದರೆ ಈ ಭಯಗಳಿಗೆ ಎಡೆಯೇ ಇಲ್ಲ.

ಎಲ್ಲ ಗಿಡಕ್ಕೂ ಒಂದೇ ಕತ್ತರಿಯಲ್ಲ

ನುಗ್ಗೆಗೆ ಸಲ್ಲುವ ಧೈರ್ಯ ಎಲ್ಲ ಗಿಡಕ್ಕೂ ಸಲ್ಲದು. ಕರಿಬೇವಿಗೆ ಕತ್ತರಿ ಬಹಳ ಹಿತ. ಒಂದೊಂದೇ ಎಲೆ ಕೀಳದೆ ತುದಿಯ ಕಡ್ಡಿಯನ್ನೇ ಕತ್ತರಿಸಿ ಬಳಸಿದರೆ, ಹೂಗೊಂಚಲನ್ನು ಚಿವುಟಿದರೆ, ಅದು ಪೊದೆಯಾಗಿ ತುಂಬಿಕೊಳ್ಳುತ್ತದೆ. ಸೀಬೆಯೂ ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಹಣ್ಣು ಮುಗಿದ ಮೇಲೆ ರೆಂಬೆಗಳ ತುದಿಯನ್ನು ಗೇಣುದ್ದ ಕತ್ತರಿಸಬಹುದು. ದಾಳಿಂಬೆಯ ವಿಷಯ ಬೇರೆ. ಬಲಿತ ಕೊಂಬೆಗಳ ಮೇಲಿನ ಗಿಡ್ಡ ರೆಂಬೆಗಳಲ್ಲಿ ಹೂ ಬರುವುದರಿಂದ ಅವನ್ನು ಉಳಿಸಿ, ಬುಡದಿಂದೇಳುವ ಹೀರುಚಿಗುರುಗಳನ್ನು ಮಾತ್ರ ತೆಗೆಯಬೇಕು. ನಿಂಬೆಗೆ ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ತೆಗೆದರೆ ಸಾಕು. ಹೆಚ್ಚು ಕತ್ತರಿಸಿದರೆ ಫಲ ಕುಗ್ಗುತ್ತದೆ.

ಮರದಿಂದ ತಟ್ಟೆಗೆ

ಇಷ್ಟೆಲ್ಲ ಶ್ರಮ ಯಾತಕ್ಕೆಂದರೆ ಕಾರಣ ನಮ್ಮ ಮನೆಗಳೊಳಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ನೂರು ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಆರು ಗ್ರಾಂಗಿಂತ ಹೆಚ್ಚು ಪ್ರೋಟೀನು, 300 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ, ನಾಲ್ಕು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣಾಂಶ, ಜೊತೆಗೆ ‘ಸಿ’ ಜೀವಸತ್ವ ಮತ್ತು ‘ಎ’ ಜೀವಸತ್ವದ ಮೂಲವಾದ ಕೆರೋಟಿನ್ ಇವೆ. ಶಾಕಾಹಾರಿಗಳಾದ ನಮಗೆ ಇದು ದೊಡ್ಡ ಆಸರೆ.

ಆದರೆ ಸೊಪ್ಪಿನಲ್ಲಿರುವ ಕಬ್ಬಿಣಾಂಶವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸೇರುವಂತೆ ಮಾಡಲು ಪಲ್ಯ ಒಲೆಯಿಂದಿಳಿಸಿದ ಮೇಲೆ ನಿಂಬೆರಸ ಹಿಂಡಬೇಕು. ಊಟದ ಜೊತೆ, ಊಟವಾದ ಕೂಡಲೆ ಕಾಫಿ ಅಥವಾ ಚಹಾ ಕುಡಿಯಬಾರದು. ಒಂದು ಗಂಟೆಯಾದರೂ ಬಿಡುವಿರಲಿ. ಸೊಪ್ಪನ್ನು ಬಹಳ ಹೊತ್ತು ಬೇಯಿಸಬಾರದು, ಬೆಂದ ನೀರನ್ನು ಚೆಲ್ಲಬಾರದು. ಜೋಳದ ರೊಟ್ಟಿಯೊಡನೆ ಪಲ್ಯ, ರಾಗಿಮುದ್ದೆಯೊಡನೆ ಬೇಳೆ ಹಾಕಿದ ಸೊಪ್ಪಿನ ಸಾರು, ಅಕ್ಕಿರೊಟ್ಟಿಯ ಹಿಟ್ಟಿಗೆ ಹೆಚ್ಚಿದ ಎಳೆಸೊಪ್ಪು ಇವೆಲ್ಲ ನಮ್ಮ ಸೀಮೆಗೆ ಒಗ್ಗಿದ ಅಡುಗೆಗಳೇ. ವರ್ಷಕ್ಕೊಮ್ಮೆ ಸವರಿದಾಗ ರಾಶಿ ಸೊಪ್ಪು ಬೀಳುತ್ತದೆ. ಅದನ್ನು ತೊಳೆದು, ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಪುಡಿಮಾಡಿ ಡಬ್ಬಿಯಲ್ಲಿಟ್ಟರೆ ಚಟ್ನಿಪುಡಿಗೆ, ಸಾರಿಗೆ ತಿಂಗಳುಗಟ್ಟಲೆ ಒದಗುತ್ತದೆ.

ಸೊಪ್ಪು ಆಹಾರವೇ ಹೊರತು ಔಷಧಕ್ಕೆ ಬದಲಿಯಲ್ಲ ಎಂಬುದನ್ನೂ ಮರೆಯಬಾರದು. ಗರ್ಭಿಣಿಯರು, ಬಾಣಂತಿಯರು ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಸೊಪ್ಪು ತಿನ್ನುತ್ತೇವೆಂದು ಬಿಡಬಾರದು. ನುಗ್ಗೆಯ ಬೇರು, ತೊಗಟೆಗಳಲ್ಲಿ ಹಾನಿಕರ ಅಂಶಗಳಿರುವುದರಿಂದ ಅವನ್ನು ಮನೆಮದ್ದಾಗಿ ಸೇವಿಸುವುದು ಬೇಡ. ಗರ್ಭಿಣಿಯರಿಗಂತೂ ಅದು ಅಪಾಯಕರ. ಮಧುಮೇಹ, ರಕ್ತದೊತ್ತಡ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ನುಗ್ಗೆಸೊಪ್ಪಿನ ಪುಡಿಯನ್ನು ನಿತ್ಯವೂ ಸೇವಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಕತ್ತರಿಸಿದ ಕೊಂಬೆಯ ದಾಸೋಹ

ಸವರಿದ ಮೇಲೆ ಉಳಿಯುವ ಕೊಂಬೆಗಳನ್ನು ಒಲೆಗೆ ಹಾಕುವುದು ಬೇಡ. ಮುಂಗೈ ಗಾತ್ರದ, ಮೂರರಿಂದ ನಾಲ್ಕು ಅಡಿ ಉದ್ದದ ಬಲಿತ ತುಂಡುಗಳನ್ನು ಆರಿಸಿ, ಎರಡು ಮೂರು ದಿನ ನೆರಳಿನಲ್ಲಿ ಇಟ್ಟು ಗಾಯ ಆರಿದ ಬಳಿಕ, ಮೂರನೆಯ ಒಂದು ಪಾಲು ಮಣ್ಣಿನೊಳಗಿರುವಂತೆ ನೆಟ್ಟರೆ ಮುಂಗಾರಿನ ತೇವಕ್ಕೆ ಬೇರೂರಿ ಚಿಗುರುತ್ತವೆ. ಒಂದು ಮರವನ್ನು ಸವರಿದರೆ ಓಣಿಯ ನಾಲ್ಕು ಮನೆಗೆ, ಊರ ಅಂಗನವಾಡಿಗೆ, ಶಾಲೆಯ ಅಂಗಳಕ್ಕೆ ಕೊಡುವಷ್ಟು ಕೊಂಬೆಗಳು ದೊರೆಯುತ್ತವೆ. ದಾಸೋಹಕ್ಕೆ ಸಿರಿವಂತಿಕೆಯೇ ಬೇಕೆಂದಿಲ್ಲ.

ನಮ್ಮ ಅಜ್ಜಿ ಇಂದಿಲ್ಲ. ಅವರು ಆರಿಸಿ ಉಳಿಸಿದ ಚಿಗುರುಗಳಿಂದ ಬೆಳೆದ ಆ ಮರವೂ ಮುಪ್ಪಾಗಿ ಹೋಯಿತು. ಆದರೆ ಅದರ ಕೊಂಬೆಗಳು ನಮ್ಮ ಓಣಿಯ ಹಲವು ಹಿತ್ತಲುಗಳಲ್ಲಿ ಇಂದಿಗೂ ಚಿಗುರುತ್ತಿವೆ. ಈ ಮುಂಗಾರಿನ ಮೊದಲ ಹದಮಳೆ ಬಿದ್ದಾಗ ಭಕ್ತಬಂಧುಗಳು ತಮ್ಮ ಹಿತ್ತಲಿಗೊಮ್ಮೆ ಹೋಗಿ ತಲೆಯೆತ್ತಿ ನೋಡಲಿ. ಸೊಪ್ಪು ಕೈಗೆಟುಕದಷ್ಟು ಮೇಲಿದ್ದರೆ ಗರಗಸ ಹರಿತ ಮಾಡಿಕೊಳ್ಳಲಿ. ವರ್ಷಕ್ಕೊಂದು ದಿನದ ಈ ಕಾಯಕದಿಂದ ಹಿತ್ತಲ ಗಿಡ ಮನೆಯವರಿಗೆಲ್ಲ ಮದ್ದಾಗುತ್ತದೆ.